ಮದುವೆ ಮನೆಯಲ್ಲಿ ಬಂದವರ ಹತ್ತಿರ ಪ್ರಿಂಟಿಗೆ ದುಡ್ಡು ಕೇಳಬಹುದಾ? ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಹೇಳಿ

ಕಲಬುರಗಿ ಫೋಟೊದವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ ನಿಮಗೆ ಅನಿಸಿದ್ದು ಹೇಳಿ.

ಎಂಟು ವರ್ಷದಿಂದ ಮದುವೆ, ಕುಬಸ (ಸೀಮಂತ), ಜಾವಳ, ನಾಮಕರಣ ಅಂತ ಫೋಟೊ ತೆಗೆಯುತ್ತಿದ್ದೇನೆ. ಹೋದ ವರ್ಷ ಸಾಲ ಮಾಡಿ ಒಂದು ಡೈ ಸಬ್ಲಿಮೇಶನ್ ಪ್ರಿಂಟರ್ ತಂದೆ, ಡಿಎನ್‌ಪಿ ಆರ್‌ಎಕ್ಸ್1 ಎಚ್‌ಎಸ್. ಫೋಟೊ ತೆಗೆದ ಜಾಗದಲ್ಲೇ ಪ್ರಿಂಟ್ ಮಾಡಿ ಕೈಗೆ ಕೊಡುವ ಕೆಲಸ. ಕವರ್ ಸಮೇತ 4×6 ಇಂಚಿನ ಪ್ರಿಂಟಿಗೆ 100 ರೂಪಾಯಿ ಇಟ್ಟೆ. ಮೊದಲು ಒಂದು ಕಾಲೇಜಿನ ಗ್ಯಾದರಿಂಗ್‌ನಲ್ಲಿ ಟೇಬಲ್ ಹಾಕಿದೆ. ಹುಡುಗರು, ಹುಡುಗಿಯರು ಸಾಲು ನಿಂತು ತಗೊಂಡರು. ಧೈರ್ಯ ಬಂತು.

ಹೋದ ತಿಂಗಳು ರಿಂಗ್ ರೋಡ್ ಕಡೆಯ ಒಂದು ಫಂಕ್ಷನ್ ಹಾಲ್‌ನಲ್ಲಿ ಮದುವೆ. ಆಲ್ಬಮ್, ವಿಡಿಯೊ ಎಲ್ಲ ನನ್ನದೇ ಆರ್ಡರ್. ಊಟದ ಹಾಲಿನ ಬಾಗಿಲ ಹತ್ತಿರ ಒಂದು ಪರದೆ ಕಟ್ಟಿ, ಎರಡು ಲೈಟ್ ಇಟ್ಟು, ನನ್ನ ಹುಡುಗನನ್ನು ಪ್ರಿಂಟರ್ ಹತ್ತಿರ ಕೂರಿಸಿದೆ. ಹೆಣ್ಣಿನ ತಂದೆಗೆ ಹೇಳಿದ್ದೆ, "ಇಲ್ಲಿ ಫೋಟೊ ಕೊಡ್ತೀವ್ರಿ" ಅಂತ. ಆದರೆ ದುಡ್ಡು ತಗೊಳ್ಳುತ್ತೇವೆ ಅಂತ ಬಿಡಿಸಿ ಹೇಳಿರಲಿಲ್ಲ. ಒಂದು ಗಂಟೆಯಲ್ಲಿ 23 ಜನ ತಗೊಂಡರು. ಅಷ್ಟರಲ್ಲಿ ಹೆಣ್ಣಿನ ಸೋದರಮಾವ ಬಂದು ನಿಂತರು. ಜೋರು ಮಾಡಲಿಲ್ಲ. ಮೆತ್ತಗೆ ಕೇಳಿದರು, "ಅಲ್ಲೋ ತಮ್ಮಾ, ನಾವ್ ಕರದ ಮಂದಿ ಇವ್ರು. ನಮ್ಮ ಮನಿ ಊಟಕ್ಕ ಬಂದವ್ರ ಹತ್ರ ರೊಕ್ಕ ತಗೋತಿಯೇನು?"

ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಅಲ್ಲೇ ನಿಲ್ಲಿಸಿದೆ. ಫೋನಲ್ಲಿ ಹಾಕಿದವರಿಗೆ ಫೋನಲ್ಲೇ ವಾಪಸ್ ಹಾಕಿದೆ. ನಗದು ಕೊಟ್ಟವರನ್ನು ಊಟದ ಸಾಲಿನಲ್ಲಿ ಹುಡುಕಿ ಹುಡುಕಿ ಕೊಟ್ಟೆ. ಮೂವರು ಸಿಗಲಿಲ್ಲ, ಅವರ 300 ರೂಪಾಯಿ ಮಾವನವರ ಕೈಯಲ್ಲೇ ಇಟ್ಟೆ.

ಈಗ ಪ್ರಿಂಟರ್ ಮನೆಯಲ್ಲಿದೆ, ಕಂತು ತಿಂಗಳಿಗೆ ಕಟ್ಟುತ್ತಿದ್ದೇನೆ. ಈ ಕೆಲಸ ನಮ್ಮ ಕಡೆ ಆಗುತ್ತದಾ? ಆಗುವುದಾದರೆ ಹೇಗೆ? ನಿಜವಾಗಿ ಮಾಡಿದವರು ಹೇಳಿ.

ಹಳೇ ಸ್ಟುಡಿಯೊ, ಬೀದರ್

ತಮ್ಮಾ, ದುಡ್ಡು ವಾಪಸ್ ಕೊಟ್ಟೆಯಲ್ಲ, ಅದು ಒಳ್ಳೆಯದು ಮಾಡಿದೆ. ಆ ಮನೆಯವರು ನಾಳೆ ನಿನ್ನನ್ನೇ ಕರೆಯುತ್ತಾರೆ.

ಆದರೆ ಮಾವ ಹೇಳಿದ್ದು ಸರಿ. ನಮ್ಮ ಕಡೆ ಮದುವೆಗೆ ಬರುವವರು ಬಸ್ಸಿಗೋ ಜೀಪಿಗೋ ಕೊಟ್ಟು, ಆಯೇರಿ (ಉಡುಗೊರೆ) ತಂದು, ಬೀಗರ ಮುಂದೆ ನಿಂತು ಹೋಗುವವರು. ಅವರ ಹತ್ತಿರ ಇನ್ನೊಂದು ನೂರು ಕೇಳಿದರೆ ಅದು ನಿನ್ನ ರೇಟ್ ಅಂತ ಯಾರಿಗೂ ಅನಿಸುವುದಿಲ್ಲ, ಮನೆಯವರ ಕೈ ಸಣ್ಣದು ಅಂತ ಅನಿಸುತ್ತದೆ. ಹೆಸರು ಕೆಡುವುದು ಅವರದು.

ನಾನು 30 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ರೋಲ್ ಕಾಲದಲ್ಲಿ 36 ಫೋಟೊ ಲೆಕ್ಕ ಹಾಕಿ ತೆಗೆಯುತ್ತಿದ್ದೆವು. ಜಾತ್ರೆಯಲ್ಲಿ ಪರದೆ ಕಟ್ಟಿ ಫೋಟೊ ತೆಗೆದು, ಅರ್ಧ ದುಡ್ಡು ಈಗ, ಅರ್ಧ ಫೋಟೊ ಬಂದ ಮೇಲೆ ಅಂತ ಮಾಡುತ್ತಿದ್ದೆವು. ಊರಿನ ಹೆಸರು, ಮನೆತನದ ಹೆಸರು ಬರೆದುಕೊಂಡು ಅಂಚೆಯಲ್ಲಿ ಕಳಿಸುತ್ತಿದ್ದೆವು. ಜನ ನಂಬುತ್ತಿದ್ದರು. ಅಲ್ಲಿ ದುಡ್ಡು ಕೇಳಲು ನಮಗೆ ಯಾವತ್ತೂ ಮುಜುಗರ ಆಗಲಿಲ್ಲ, ಯಾಕೆ ಅಂದರೆ ಅವರನ್ನು ಅಲ್ಲಿಗೆ ಯಾರೂ ಕರೆದಿರಲಿಲ್ಲ. ತಾವಾಗಿ ಬಂದಿದ್ದರು.

ಇಷ್ಟೇ ನೋಡು ಲೆಕ್ಕ. ಕರೆಸಿಕೊಂಡು ಬಂದವರಿದ್ದರೆ ದುಡ್ಡು ಕರೆದವರ ಹತ್ತಿರ ತಗೋ. ತಾವಾಗಿ ಬಂದವರಿದ್ದರೆ ಅವರ ಹತ್ತಿರವೇ ತಗೋ. ಮದುವೆ, ಕುಬಸ, ಜಾವಳ, ವಲೀಮಾ, ಮನೆ ಶಾಂತಿ, ಇವೆಲ್ಲ ಮೊದಲನೆಯದು. ಜಾತ್ರೆ, ಉತ್ಸವ, ಗ್ಯಾದರಿಂಗ್, ಘಟಿಕೋತ್ಸವ, ಓಟದ ಸ್ಪರ್ಧೆ ಇವೆಲ್ಲ ಎರಡನೆಯದು. ಕ್ಯಾಮೆರಾ ಚೀಲದಿಂದ ಹೊರಗೆ ತೆಗೆಯುವ ಮೊದಲೇ ಇದು ತೀರ್ಮಾನ ಆಗಿರಬೇಕು.

ಮದುವೆಗೆ ನಾನು ಗಂಟೆ ಲೆಕ್ಕದಲ್ಲಿ ಒಪ್ಪಿಕೊಳ್ಳುವುದಿಲ್ಲ. ನಮ್ಮಲ್ಲಿ ಅಕ್ಷತೆ 12-30 ಅಂತ ಕಾರ್ಡಿನಲ್ಲಿ ಇದ್ದರೆ 2 ಗಂಟೆಗೆ ಬೀಳುತ್ತದೆ. ಗಂಟೆ ಲೆಕ್ಕ ಆದರೆ ಕೊನೆಗೆ ಜಗಳ. ಪ್ರಿಂಟ್ ಎಣಿಕೆ ಮೇಲೆ ಮಾತಾಡು. 200 ಪ್ರಿಂಟ್ ಇಷ್ಟು, 300 ಪ್ರಿಂಟ್ ಇಷ್ಟು. ಮೇಲೆ ಹೋದರೆ ಒಂದಕ್ಕೆ ಇಷ್ಟು. ಚೀಟಿಯಲ್ಲಿ ಬರೆದು ಸಹಿ ಹಾಕಿಸಿಕೋ.

ಶಹಾಪುರದಿಂದ

ನನಗೂ ಹೀಗೇ ಆಗಿತ್ತು, ನಾಮಕರಣದಲ್ಲಿ. ಅವತ್ತಿಂದ ಮನೆ ಕಾರ್ಯಗಳಲ್ಲಿ ಟೇಬಲ್ ಹಾಕುವುದನ್ನೇ ಬಿಟ್ಟಿದ್ದೆ. ಬೀದರ್ ಅಣ್ಣನವರು ಹೇಳಿದ ಎಣಿಕೆ ಲೆಕ್ಕ ಹೊಳೆದೇ ಇರಲಿಲ್ಲ.

ಪ್ರಿಂಟರ್ ರಿಪೇರಿ, ಕಲಬುರಗಿ

ದುಡ್ಡಿನ ಮಾತು ಹಿರಿಯರು ಹೇಳಿದರು. ನಾನು ಯಂತ್ರದ ಮಾತು ಹೇಳುತ್ತೇನೆ. ತಿಂಗಳಿಗೆ ಇಬ್ಬರೋ ಮೂವರೋ ಇದೇ ತಪ್ಪು ಮಾಡಿ ನನ್ನ ಹತ್ತಿರ ತರುತ್ತಾರೆ, ನೋಡಿ ಹೊಟ್ಟೆ ಉರಿಯುತ್ತದೆ.

ಮೊದಲನೆಯದು ಧೂಳು. ಈ ಪ್ರಿಂಟರ್‌ನಲ್ಲಿ ಹಳದಿ, ಕೆಂಪು, ನೀಲಿ ಬಣ್ಣ ಒಂದೊಂದಾಗಿ ರಿಬ್ಬನ್ನಿಂದ ಬಿಸಿಗೆ ಕಾಗದಕ್ಕೆ ಇಳಿಯುತ್ತದೆ, ಕೊನೆಗೆ ಮೇಲೊಂದು ಪಾರದರ್ಶಕ ಪದರ ಕೂರುತ್ತದೆ. ನಡುವೆ ಒಂದು ಧೂಳಿನ ಕಣ ಬಂದರೆ ಫೋಟೊದಲ್ಲಿ ಬಿಳಿ ಚುಕ್ಕೆ. ಆ ಕಣ ಬಿಸಿ ಕೊಡುವ ಹೆಡ್‌ಗೆ ಅಂಟಿದರೆ ಪ್ರತಿ ಪ್ರಿಂಟಿನಲ್ಲೂ ಉದ್ದ ಗೆರೆ. ನಮ್ಮ ಊರಿನ ಧೂಳು ನಿಮಗೆ ಗೊತ್ತೇ ಇದೆ. ಜನರೇಟರ್ ಪಕ್ಕ ಟೇಬಲ್ ಹಾಕಬೇಡಿ. ದೊಡ್ಡ ಕೂಲರ್ ಎದುರಿಗೆ ಇಡಬೇಡಿ, ಅದು ತೇವವನ್ನೂ ಧೂಳನ್ನೂ ಒಟ್ಟಿಗೆ ಊದುತ್ತದೆ. ಕಾಗದದ ರೋಲ್ ಬದಲಿಸುವಾಗ ಪರದೆ ಹಿಂದೆ ಹೋಗಿ ಬದಲಿಸಿ, ಕೈ ಒರೆಸಿಕೊಂಡು.

ಎರಡನೆಯದು ಬಿಸಿ. ಇಂಥ ಪ್ರಿಂಟರ್‌ಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ 35 ಡಿಗ್ರಿವರೆಗೆ ಅಂತ ಇರುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲಿ 42 ದಾಟುತ್ತದೆ. ಹೆಡ್ ಕಾದರೆ ಯಂತ್ರ ತಾನೇ ನಿಂತು ತಣ್ಣಗಾಗಲು ಕಾಯುತ್ತದೆ. ಜನ ಇದನ್ನು ಕೆಟ್ಟುಹೋಯಿತು ಅಂತ ತಿಳಿದು ಸ್ವಿಚ್ ಆರಿಸಿ ಹಚ್ಚುತ್ತಾರೆ. ಆಗ ಅರ್ಧ ಪ್ರಿಂಟ್ ಆದ ಕಾಗದ ಸಿಕ್ಕಿಹಾಕಿಕೊಳ್ಳುತ್ತದೆ. ಸುಮ್ನೆ ಕಾಯಿರಿ, ತಾನಾಗಿ ಶುರುವಾಗುತ್ತದೆ. ಆರ್‌ಎಕ್ಸ್1 ಎಚ್‌ಎಸ್ ಒಂದು 4×6ಕ್ಕೆ ಸುಮಾರು 12 ಸೆಕೆಂಡು ತಗೊಳ್ಳುತ್ತದೆ ಅಂತ ಲೆಕ್ಕ, ಬೇಸಿಗೆಯಲ್ಲಿ ಆ ಲೆಕ್ಕ ನಂಬಿಕೊಂಡು ಯಾರಿಗೂ ಮಾತು ಕೊಡಬೇಡಿ.

ಮೂರನೆಯದು ಕರೆಂಟು. ಪ್ರಿಂಟ್ ಆಗುವ ಹೊತ್ತಿಗೆ ಇದು ನೂರಾರು ವ್ಯಾಟ್ ಎಳೆಯುತ್ತದೆ. ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಹಚ್ಚಿದರೆ ಕುಂಯ್ ಅಂತ ಕೂಗಿ ಬಂದ್ ಆಗುತ್ತದೆ. ಕಡಿಮೆ ಅಂದರೆ 1 ಕೆವಿಎ ಪ್ಯೂರ್ ಸೈನ್ ವೇವ್ ಯುಪಿಎಸ್ ಇರಲಿ. ಹಾಲಿನವರು ಮೇನ್ಸ್‌ನಿಂದ ಜನರೇಟರ್‌ಗೆ ಬದಲಿಸುವ ಆ ಐದು ಸೆಕೆಂಡೇ ನಿಮ್ಮ ಶತ್ರು.

ಇನ್ನೊಂದು, ಬಹಳ ಮುಖ್ಯ. ಪ್ರಿಂಟರ್ ಸುಮಾರು 14 ಕೆಜಿ ಇರುತ್ತದೆ, ಹೊರಲು ಬೇಸರ ಅಂತ ರಿಬ್ಬನ್ನು, ಕಾಗದ ಒಳಗೇ ಬಿಟ್ಟು ಗಾಡಿಗೆ ಹಾಕುತ್ತಾರೆ. ಹುಮನಾಬಾದ್ ರಸ್ತೆಯಲ್ಲಿ ಎರಡು ಗುಂಡಿ ಹಾರಿದರೆ ಸಾಕು, ರೋಲ್ ಜರುಗಿ ಗೇರ್ ಹಾಳು. ಪ್ರತಿ ಸಲ ಬಿಚ್ಚಿ ಬೇರೆ ಚೀಲದಲ್ಲಿ ಹಾಕಿಕೊಂಡು ಹೋಗಿ.

ಹಾಗೆಯೇ ಮುಗಿದ ರಿಬ್ಬನ್ ಹಾಲಿನ ಕಸದ ಡಬ್ಬಿಗೆ ಎಸೆಯಬೇಡಿ. ಅದನ್ನು ಬೆಳಕಿಗೆ ಹಿಡಿದರೆ ನೀವು ತೆಗೆದ ಪ್ರತಿಯೊಬ್ಬರ ಮುಖವೂ ಕಾಣುತ್ತದೆ, ನೆಗೆಟಿವ್ ತರಹ. ಹೆಣ್ಣುಮಕ್ಕಳ ಫೋಟೊ ಇರುತ್ತವೆ. ಮನೆಗೆ ತಂದು ಕತ್ತರಿಸಿ ಹಾಕಿ.

ಕಲಬುರಗಿ ಫೋಟೊದವ

ರಿಬ್ಬನ್ ವಿಷಯ ನಿಜವಾಗಲೂ ಗೊತ್ತಿರಲಿಲ್ಲ. ಅವತ್ತು ಗ್ಯಾದರಿಂಗ್‌ನಲ್ಲಿ ಅಲ್ಲೇ ಬಿಟ್ಟು ಬಂದಿದ್ದೆ. ನಾಳೆಯೇ ಹೋಗಿ ನೋಡುತ್ತೇನೆ, ಸಿಗುತ್ತದೋ ಇಲ್ಲವೋ.

ಒಂದು ಪ್ರಶ್ನೆ. ಆರು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್ ತಂದಿದ್ದರೆ ಅಗ್ಗ ಆಗುತ್ತಿತ್ತು, ಸುಮ್ನೆ ಇದಕ್ಕೆ ಇಷ್ಟು ಹಾಕಿದೆ ಅಂತ ಗೆಳೆಯರು ಹೇಳುತ್ತಾರೆ. ಹೌದಾ?

ಪ್ರಿಂಟರ್ ರಿಪೇರಿ, ಕಲಬುರಗಿ

ಸ್ಟುಡಿಯೊದಲ್ಲಿ ಕೂತು ಮಾಡುವವರಿಗೆ ಇಂಕ್ ಟ್ಯಾಂಕ್ ಒಳ್ಳೆಯದೇ. ಆದರೆ ನೀವು ಟೇಬಲ್ ಹಾಕುವುದು ಊಟದ ಹಾಲಿನ ಬಾಗಿಲಲ್ಲಿ ಅಲ್ವಾ? ಜನ ಕೈ ತೊಳೆದುಕೊಂಡು ಒದ್ದೆ ಕೈಯಲ್ಲೇ ಬಂದು ಫೋಟೊ ಹಿಡಿಯುತ್ತಾರೆ. ಇಂಕ್ ಆದರೆ ಕಲೆ ಬೀಳುತ್ತದೆ. ನಿಮ್ಮದರಲ್ಲಿ ಮೇಲಿನ ಪದರ ಇರುವುದರಿಂದ ಒರೆಸಿದರೆ ಹೋಯಿತು. ಒಂದು ವಾರ ಬಳಸದಿದ್ದರೂ ನಳಿಕೆ ಕಟ್ಟಿಕೊಳ್ಳುವ ಗೋಳಿಲ್ಲ. ನೀವು ತಂದಿದ್ದು ಸರಿಯಾದದ್ದೇ, ಬಿಡಿ.

ಇನ್ನೂ ಸಣ್ಣದರಲ್ಲಿ ಶುರು ಮಾಡುವವರು ಕ್ಯಾನನ್ ಸೆಲ್ಫಿ ಸಿಪಿ1500 ತರುತ್ತಾರೆ. ಅದೂ ಇದೇ ಜಾತಿಯದು. ಆದರೆ ಒಂದಕ್ಕೆ 40 ಸೆಕೆಂಡು ಹಿಡಿಯುತ್ತದೆ, ಟ್ರೇಯಲ್ಲಿ 18 ಹಾಳೆ. ಕುಬಸಕ್ಕೆ ಸಾಕು. ಮದುವೆಗೆ ಸಾಲದು.

ಜಾತ್ರೆ ಫೋಟೊ, ಯಾದಗಿರಿ

ನಾನು ತಾವಾಗಿ ಬಂದವರ ಹತ್ತಿರವೇ ಮಾಡುವವನು. ಮನೆ ಕಾರ್ಯದ ಆರ್ಡರ್ ಹಿಡಿಯುವುದಿಲ್ಲ. ಸಂಕ್ರಾಂತಿಗೆ ಮೈಲಾಪುರ ಮಲ್ಲಯ್ಯನ ಜಾತ್ರೆ ನನ್ನ ವರ್ಷದ ದೊಡ್ಡ ದಿನ. ಅಲ್ಲಿ ಭಂಡಾರ ಹಾರುತ್ತದೆ, ಗಾಳಿಯೇ ಹಳದಿ ಆಗಿರುತ್ತದೆ. ಮೊದಲ ವರ್ಷ ಪ್ರಿಂಟರ್ ಹೊರಗೆ ಮೇಜಿನ ಮೇಲೆ ಇಟ್ಟಿದ್ದೆ, ಹತ್ತು ಪ್ರಿಂಟ್ ಆಗುವಷ್ಟರಲ್ಲಿ ಎಲ್ಲದರಲ್ಲೂ ಚುಕ್ಕೆ. ರಿಪೇರಿ ಅಣ್ಣ ಹೇಳಿದ ಮಾತು ನೂರಕ್ಕೆ ನೂರು ನಿಜ. ಈಗ ಪ್ರಿಂಟರ್ ಗಾಡಿಯ ಒಳಗೆ, ಗಾಜು ಏರಿಸಿ. ನಾನು ಹೊರಗೆ ಫೋಟೊ ತೆಗೆಯುತ್ತೇನೆ, ತಮ್ಮ ಒಳಗೆ ಕೂತು ಪ್ರಿಂಟ್ ಹಾಕುತ್ತಾನೆ, ಇನ್ನೊಬ್ಬ ಹುಡುಗ ನಡುವೆ ಓಡಾಡುತ್ತಾನೆ. ಕ್ಯಾಮೆರಾಗೆ ಒಂದೇ ಲೆನ್ಸ್, ಇಡೀ ದಿನ ಬದಲಿಸುವುದಿಲ್ಲ. ಬದಲಿಸಿದರೆ ಸೆನ್ಸರ್ ಮೇಲೂ ಭಂಡಾರ.

ಜಾತ್ರೆಯಲ್ಲಿ ಗೋಳು ಪ್ರಿಂಟಿನದಲ್ಲ. ಯಾರ ಫೋಟೊ ಯಾರದು ಅನ್ನುವುದೇ ಗೋಳು. ಒಂದು ಗಂಟೆಯಲ್ಲಿ ಎಂಬತ್ತು ಗುಂಪು ನಿಂತರೆ ಹೇಗೆ ನೆನಪಿಡುತ್ತೀರಿ? ಮೊದಲು ಸೀರೆ ಬಣ್ಣ ನೋಡಿ ಗುರುತು ಹಿಡಿಯುತ್ತಿದ್ದೆ. ಜಾತ್ರೆಯಲ್ಲಿ ಎಲ್ಲರದೂ ಹಸಿರು ಸೀರೆ! ಈಗ ಫೋಟೊ ತೆಗೆದ ಕೂಡಲೇ ಕ್ಯಾಮೆರಾದಲ್ಲಿ ಬರುವ ಫೈಲ್ ನಂಬರಿನ ಕೊನೆಯ ನಾಲ್ಕು ಅಂಕಿ ಚೀಟಿಯಲ್ಲಿ ಬರೆದು ಕೊಡುತ್ತೇನೆ. ಅದೇ ಚೀಟಿಯಲ್ಲಿ ಎಷ್ಟು ಕಾಪಿ ಅಂತಲೂ ಬರೆಯುತ್ತೇನೆ. ಇದನ್ನು ಕ್ಲಿಕ್ ಮಾಡುವ ಮೊದಲೇ ಕೇಳಬೇಕು. ಆಮೇಲೆ ಕೇಳಿದರೆ ಒಂದೇ ಅನ್ನುತ್ತಾರೆ. ಮೊದಲು ಕೇಳಿದರೆ, "ಅಕ್ಕನ ಮನಿಗೊಂದು, ತವರಿಗೊಂದು" ಅಂತ ತಾವೇ ಎಣಿಸುತ್ತಾರೆ.

ಜೆಪೆಗ್ ಸೈಜು ಸಣ್ಣದಿಡಿ. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, 4×6 ಅಂದರೆ 1200×1800 ಚುಕ್ಕೆ, ಅಂದರೆ ಸುಮಾರು 22 ಲಕ್ಷ ಪಿಕ್ಸೆಲ್. 24 ಮೆಗಾಪಿಕ್ಸೆಲ್ ಫೈಲು ವೈಫೈನಲ್ಲಿ ಕಳಿಸಿ ಕಾಯುತ್ತಾ ಕೂತರೆ ಸಾಲು ಒಡೆದು ಹೋಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಹಾಟ್ ಫೋಲ್ಡರ್ ಇಟ್ಟಿದ್ದೇನೆ. ಅದಕ್ಕೆ ಫೈಲ್ ಹಾಕಿದರೆ ಸಾಕು, ತಾನೇ ಪ್ರಿಂಟ್ ಹೋಗುತ್ತದೆ.

ಜಾಗದ ಪಾವತಿ (ರಸೀದಿ) ಮೊದಲೇ ಮಾಡಿಸಿಕೊಳ್ಳಿ. ಗುಡಿ ಒಳಗೆ ಯಾವತ್ತೂ ಕ್ಯಾಮೆರಾ ತೆಗೆಯಬೇಡಿ, ಕೇಳದೆ ಯಾರ ಫೋಟೊನೂ ತೆಗೆಯಬೇಡಿ. ನಾನು ದೇವರ ಹೆಸರಿನಲ್ಲಿ ಬಂದವರ ಹತ್ತಿರ 50 ರೂಪಾಯಿ ಮೇಲೆ ಇಟ್ಟಿಲ್ಲ. ಎಣಿಕೆ ಹೆಚ್ಚಿದ್ದರೆ ಅದರಲ್ಲೇ ಗಿಟ್ಟುತ್ತದೆ.

ಸೇಡಂ ಅಕ್ಕ

ನಾನು ಫೋಟೊದವಳಲ್ಲ, ಫೋಟೊ ತಗೊಳ್ಳುವವಳು. ನನ್ನ ಮಾತೂ ಇರಲಿ ಅಂತ ಬರೆಯುತ್ತೇನೆ.

ಹೋದ ವರ್ಷ ಮಗಳ ಶಾಲೆಯ ಕಾರ್ಯಕ್ರಮದಲ್ಲಿ ಒಬ್ಬರು ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೊ ತೆಗೆದರು. ನಮ್ಮನ್ನು ಯಾರೂ ಕೇಳಲಿಲ್ಲ. ಕಾರ್ಯಕ್ರಮ ಮುಗಿದು ಹೊರಗೆ ಬಂದರೆ ಬೋರ್ಡ್ ಮೇಲೆ ಎಲ್ಲ ಮಕ್ಕಳ ಫೋಟೊ ಅಂಟಿಸಿದ್ದಾರೆ. ಒಂದಕ್ಕೆ 150. ಮಗಳು ತನ್ನ ಫೋಟೊ ನೋಡಿ ಕೈ ಹಿಡಿದು ಎಳೆಯುತ್ತಾಳೆ. ಅವಳ ಪಕ್ಕದ ಹುಡುಗಿಯ ತಾಯಿ ಕೂಲಿಗೆ ಹೋಗುವವಳು, ಕೈಯಲ್ಲಿ ಅಷ್ಟು ಇರಲಿಲ್ಲ. ಆ ಮಗು ಬೋರ್ಡ್ ಬಿಟ್ಟು ಕದಲಲಿಲ್ಲ. ತಗೊಳ್ಳದವರ ಫೋಟೊ ಏನು ಮಾಡುತ್ತೀರಿ ಅಂತ ಕೇಳಿದೆ, ಹರಿದು ಹಾಕುತ್ತೇವೆ ಅಂದರು. ಮಗುವಿನ ಎದುರಿಗೇ ಹಾಗೆ ಹೇಳಿದರು. ನಾನು ಎರಡಕ್ಕೂ ಕೊಟ್ಟು ಬಂದೆ. ಮನೆಗೆ ಬಂದ ಮೇಲೂ ಸಿಟ್ಟು ಇಳಿಯಲಿಲ್ಲ.

ದಯವಿಟ್ಟು ಮಕ್ಕಳ ಫೋಟೊ ಹೀಗೆ ತೆಗೆದು ಮಾರಬೇಡಿ. ತಂದೆ ತಾಯಿ ಕೇಳಿದರೆ ಮಾತ್ರ ತೆಗೆಯಿರಿ.

ಆದರೆ ಪ್ರಿಂಟ್ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಅತ್ತೆಗೆ ಫೋನಿಲ್ಲ. ಚಿತ್ತಾಪುರದಲ್ಲಿ ಒಂದು ಮದುವೆಗೆ ಹೋದಾಗ ಮನೆಯವರು ಬಂದವರಿಗೆಲ್ಲ ಫೋಟೊ ಕೊಡಿಸಿದ್ದರು. ಅತ್ತೆ ಅವರ ತಂಗಿಯ ಜೊತೆ ನಿಂತದ್ದು. ಅದನ್ನು ಪಿಂಚಣಿ ಪಾಸ್‌ಬುಕ್ಕಿನ ಒಳಗೆ ಇಟ್ಟುಕೊಂಡಿದ್ದಾರೆ. ಬ್ಯಾಂಕಿಗೆ ಹೋದಾಗಲೆಲ್ಲ ಅಲ್ಲಿನವರಿಗೆ ತೋರಿಸುತ್ತಾರೆ. ಅದೇ ಮದುವೆಯಲ್ಲಿ ನನ್ನ ಫೋನಿನಲ್ಲಿ ತೆಗೆದ ಫೋಟೊ ಎಲ್ಲಿದೆಯೋ ನನಗೇ ಗೊತ್ತಿಲ್ಲ.

ಹಳೇ ಸ್ಟುಡಿಯೊ, ಬೀದರ್

ಅಕ್ಕಾ, ನೀವು ಬರೆದದ್ದು ಓದಿ ಬೇಜಾರಾಯಿತು. ನಮ್ಮ ಕಸುಬಿನವರು ಹಾಗೆ ಮಾಡಬಾರದು. ಮೊದಲು ಪ್ರಿಂಟ್ ಹಾಕಿ ಆಮೇಲೆ ಮಾರುವ ಪದ್ಧತಿಯೇ ತಪ್ಪು. ಕಾಗದ ಹಾಳು, ಮಕ್ಕಳ ಮನಸ್ಸೂ ಹಾಳು. ಕೇಳಿದವರಿಗೆ ಮಾತ್ರ ಪ್ರಿಂಟ್.

ಯಾದಗಿರಿಯವರು ಹೇಳಿದ ಚೀಟಿ ಒಳ್ಳೆಯದು. ನಾನು ಒಂದು ಸೇರಿಸುತ್ತೇನೆ. ಟೇಬಲ್ ಎಲ್ಲಿ ಹಾಕುತ್ತೀಯ ಅನ್ನುವುದರ ಮೇಲೆ ಅರ್ಧ ಕೆಲಸ ನಿಂತಿದೆ. ವೇದಿಕೆ ಹತ್ತಿರ ಬೇಡ. ಅಲ್ಲಿ ಜನ ಬೀಗರನ್ನು ಮಾತಾಡಿಸುವ ಅವಸರದಲ್ಲಿ ಇರುತ್ತಾರೆ, ಊಟದ ಚಿಂತೆಯೂ ಇರುತ್ತದೆ. ಊಟ ಆಗಿ, ಎಲೆ ಅಡಿಕೆ ಹಾಕಿಕೊಳ್ಳುವ ಜಾಗ ಇದೆಯಲ್ಲ, ಅಲ್ಲಿ ಹಾಕು. ಹೊಟ್ಟೆ ತುಂಬಿರುತ್ತದೆ, ಊರಿನವರೆಲ್ಲ ಗುಂಪಾಗಿ ನಿಂತಿರುತ್ತಾರೆ, ಗಾಡಿ ಬರುವ ತನಕ ಹತ್ತು ನಿಮಿಷ ಪುರುಸೊತ್ತಿರುತ್ತದೆ. ಆ ಹತ್ತು ನಿಮಿಷದಲ್ಲಿ ಕೈಗೆ ಫೋಟೊ ಬರಬೇಕು. ಚಪ್ಪಲಿ ಹಾಕಿಕೊಂಡು ಹೊರಟ ಮೇಲೆ ಯಾರೂ ತಿರುಗಿ ಬರುವುದಿಲ್ಲ.

ಬೆಳಕು ಒಮ್ಮೆ ಕೂರಿಸಿದರೆ ಮುಟ್ಟಬೇಡ. ನೆಲಕ್ಕೆ ಟೇಪ್ ಹಚ್ಚಿ ನಿಲ್ಲುವ ಜಾಗ ಗುರುತು ಮಾಡು. ಎಲ್ಲ ಮ್ಯಾನುಯಲ್‌ನಲ್ಲಿ ಇಡು, ಒಂದು ಪ್ರಿಂಟ್ ತೆಗೆದು ನೋಡು, ಮುಖದ ಬಣ್ಣ ಸರಿ ಬಂದರೆ ದಿನವಿಡೀ ಅದೇ. ಫ್ಲ್ಯಾಶ್ ಮೇಲಕ್ಕೆ ಹೊಡೆದು ಬೌನ್ಸ್ ಮಾಡುವ ಅಭ್ಯಾಸ ಇದ್ದರೆ ಚಾವಣಿ ನೋಡು. ನಮ್ಮ ಹಾಲ್‌ಗಳಲ್ಲಿ ಗುಲಾಬಿ, ಹಸಿರು ಬಟ್ಟೆ ಕಟ್ಟಿರುತ್ತಾರೆ, ಆ ಬಣ್ಣವೆಲ್ಲ ಮುಖಕ್ಕೆ ಇಳಿಯುತ್ತದೆ. ಎಲ್‌ಇಡಿ ಗೋಡೆ ಅಥವಾ ಅಗ್ಗದ ಎಲ್‌ಇಡಿ ಲೈಟ್ ಪಕ್ಕ ಇದ್ದರೆ ಪಟ್ಟೆ ಪಟ್ಟೆ ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಶಟರ್ 1/100 ಅಥವಾ 1/50 ಸೆಕೆಂಡ್ ಇಟ್ಟು ನೋಡು, ಬಹುತೇಕ ಹೋಗುತ್ತದೆ.

ಭಾಲ್ಕಿ ಹುಡುಗ

ಎಲ್ಲ ಸರಿ ಅಣ್ಣಾ, ಆದರೆ ಜನ "ವಾಟ್ಸಾಪ್ ಮಾಡ್ರಿ, ಪ್ರಿಂಟ್ ಯಾಕ" ಅಂತಾರಲ್ಲ? ನನಗೆ ಹತ್ತರಲ್ಲಿ ಆರು ಜನ ಇದನ್ನೇ ಕೇಳುತ್ತಾರೆ. ಕೊಟ್ಟರೆ ಪ್ರಿಂಟ್ ತಗೊಳ್ಳಲ್ಲ. ಕೊಡದಿದ್ದರೆ ಮುಖ ಸಣ್ಣ ಮಾಡಿಕೊಂಡು ಹೋಗುತ್ತಾರೆ.

ಜಾತ್ರೆ ಫೋಟೊ, ಯಾದಗಿರಿ

ಪ್ರಿಂಟ್ ತಗೊಂಡವರಿಗೆ ಫೈಲೂ ಕೊಡು. ಅದೇ ಬೆಲೆಯಲ್ಲಿ. ಬರೀ ಫೈಲ್ ಬೇಕು ಅಂದರೂ ಬೆಲೆ ಅದೇ. ಆಗ ಎಲ್ಲರೂ ಪ್ರಿಂಟೇ ತಗೊಳ್ಳುತ್ತಾರೆ. ನಾನು ಎರಡು ವರ್ಷ ಫೈಲಿಗೆ 20, ಪ್ರಿಂಟಿಗೆ 50 ಅಂತ ಇಟ್ಟು ನೋಡಿದೆ. ಪ್ರತಿಯೊಬ್ಬರ ಜೊತೆ ಚೌಕಾಶಿ. ಒಂದೇ ಬೆಲೆ ಇಟ್ಟ ಮೇಲೆ ಮಾತು ಕಡಿಮೆ ಆಯಿತು, ಸಾಲು ಬೇಗ ಹೋಗುತ್ತದೆ.

ತಮ್ಮ ಫೋನಿನ ಫೋಟೊ ಪ್ರಿಂಟ್ ಹಾಕಿಕೊಡಿ ಅಂತಲೂ ಬರುತ್ತಾರೆ. ಹಾಕಿಕೊಡು, ಬೇಡ ಅನ್ನಬೇಡ. ಆದರೆ ಫೋನಿನ ಫೋಟೊ ಹೆಚ್ಚಾಗಿ 4:3 ಇರುತ್ತದೆ, 4×6 ಕಾಗದ 3:2. ಫೋನ್ ಅಡ್ಡ ಹಿಡಿದು ತೆಗೆದದ್ದಾದರೆ ಮೇಲೆ ಕೆಳಗೆ ಕತ್ತರಿಸಿ ಹೋಗುತ್ತದೆ, ರುಮಾಲು ಸುತ್ತಿದ ಮುತ್ಯಾನ ತಲೆಯೇ ಹೋಗುತ್ತದೆ. ಉದ್ದ ಹಿಡಿದು ತೆಗೆದದ್ದಾದರೆ ಎರಡೂ ಪಕ್ಕ ಹೋಗುತ್ತದೆ. ಪ್ರಿಂಟ್ ಒತ್ತುವ ಮೊದಲು ಅವರಿಗೆ ತೋರಿಸಿ ಒಪ್ಪಿಸು.

ಲೆಕ್ಕಪತ್ರದವರು, ಕಲಬುರಗಿ

ಫೋಟೊ ಕೆಲಸದ ನಾಲ್ಕೈದು ಜನರ ಲೆಕ್ಕ ನಾನು ನೋಡುತ್ತೇನೆ. ಎರಡು ಮಾತು.

ಒಂದು, ಹಕ್ಕಿನದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊಗೆ ಮೊದಲ ಹಕ್ಕುದಾರರು ಆ ಹಣ ಕೊಟ್ಟವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಬಹಳ ಫೋಟೊದವರು ನಾನು ತೆಗೆದದ್ದು ನನ್ನದೇ ಅಂದುಕೊಂಡಿದ್ದಾರೆ. ಮದುವೆಯ ಆರ್ಡರ್ ಹಿಡಿದು, ಅದೇ ಮದುವೆಯ ಫೋಟೊವನ್ನು ಅತಿಥಿಗಳಿಗೆ ಮಾರುವುದು ಮರ್ಯಾದೆಯ ಪ್ರಶ್ನೆ ಮಾತ್ರ ಅಲ್ಲ. ಆ ಸೋದರಮಾವನ ಮಾತಿಗೆ ಕಾಯ್ದೆಯಲ್ಲೂ ಜಾಗ ಇದೆ. ಅತಿಥಿಗಳಿಗೆ ಪ್ರಿಂಟ್ ಕೊಡುತ್ತೇವೆ, ಸ್ಟುಡಿಯೊದ ಬೋರ್ಡಿಗೆ ಎರಡು ಫೋಟೊ ಬಳಸುತ್ತೇವೆ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಜಾತ್ರೆಯಲ್ಲಿ ಯಾರೂ ನಿಮಗೆ ಮೊದಲೇ ಆರ್ಡರ್ ಕೊಟ್ಟಿಲ್ಲ ಅನಿಸಬಹುದು, ಆದರೆ ತೆಗೆಯಿರಿ ಅಂತ ಹೇಳಿ ದುಡ್ಡು ಕೊಟ್ಟವರೂ ಗಿರಾಕಿಗಳೇ. ಅವರ ಫೋಟೊ ಬೋರ್ಡಿಗೆ ಹಾಕುವ ಮೊದಲು ಅವರನ್ನೂ ಕೇಳಿ.

ಎರಡು, ತೆರಿಗೆ. ಸೇವೆ ಕೊಡುವವರ ವ್ಯವಹಾರ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಬರೀ ಸರಕು ಮಾರುವವರಿಗೆ 40 ಲಕ್ಷ. ಪ್ರಿಂಟ್ ಅಂದರೆ ಸರಕು, ನನಗೆ 40 ಲಕ್ಷದವರೆಗೆ ಚಿಂತೆಯಿಲ್ಲ ಅಂತ ಒಬ್ಬರು ನನ್ನ ಹತ್ತಿರ ವಾದ ಮಾಡಿದರು. ಫೋಟೊ ತೆಗೆಯುವುದು ಸೇವೆ. 20 ಅಂತಲೇ ಇಟ್ಟುಕೊಳ್ಳಿ. ಇದು ಲಾಭದ ಲೆಕ್ಕ ಅಲ್ಲ, ಒಟ್ಟು ಬಂದ ಹಣದ್ದು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದದ್ದು ನೆನಪಿದೆಯಲ್ಲ? ಮನೆಯವರು ಕಳಿಸಿದ್ದು, ಗೆಳೆಯರ ಕೈಗಡ, ಪ್ರಿಂಟಿನ ದುಡ್ಡು ಎಲ್ಲ ಒಂದೇ ಖಾತೆಯಲ್ಲಿ ಕಲಸಿದರೆ ಆಮೇಲೆ ಬಿಡಿಸುವುದು ಕಷ್ಟ. ಪ್ರಿಂಟಿಗೆ ಬೇರೆ ಖಾತೆ, ಬೇರೆ ಕ್ಯೂಆರ್.

ಕಲಬುರಗಿ ಫೋಟೊದವ

ಹದಿನೈದು ದಿನ ಬಿಟ್ಟು ಬರೆಯುತ್ತಿದ್ದೇನೆ. ನೀವೆಲ್ಲ ಹೇಳಿದ್ದನ್ನು ಮಾಡಿ ನೋಡಿದೆ. ಮೊದಲು ಇದು, ಗ್ಯಾದರಿಂಗ್‌ನ ರಿಬ್ಬನ್ ಕಾಲೇಜಿನ ಸ್ಟೋರ್ ರೂಮಿನಲ್ಲಿ ಸಿಕ್ಕಿತು. ಕತ್ತರಿಸಿ ಹಾಕಿದೆ.

ಹೋದ ಭಾನುವಾರ ಅಫಜಲಪುರದ ಕಡೆ ಒಂದು ಮದುವೆ. ಹುಡುಗನ ತಂದೆ ಹತ್ತಿರ ಕೂತು ಮಾತಾಡಿದೆ. ಬಂದವರಿಗೆ ನೀವು ಕೊಟ್ಟ ಹಾಗೆ ಇರುತ್ತದೆ, 200 ಪ್ರಿಂಟ್, ಕವರಿನ ಮೇಲೆ ಮದುಮಕ್ಕಳ ಹೆಸರು, ತಾರೀಖು ಅಂತ ಹೇಳಿದೆ. ಮೊದಲು ಬೆಲೆ ಕೇಳಿ ಹಿಂದೆ ಸರಿದರು. ಆಮೇಲೆ ಒಂದು ಮಾದರಿ ಪ್ರಿಂಟ್ ಕೈಗೆ ಕೊಟ್ಟೆ, ಅವರದೇ ಫೋಟೊ, ಅಲ್ಲೇ ತೆಗೆದದ್ದು. ಅದನ್ನು ಹಿಡಿದುಕೊಂಡು ಒಳಗೆ ಹೋಗಿ ಮನೆಯವರಿಗೆ ತೋರಿಸಿ ಬಂದು ಹೂಂ ಅಂದರು. ಬಂದವರಿಗೆ ಬಟ್ಟಲೋ ತಂಬಿಗೆಯೋ ಕೊಡುವ ಬದಲು ಇದನ್ನೇ ಕೊಡುತ್ತೇವೆ ಅಂದರು. ಇದು ನನಗೆ ಹೊಳೆದೇ ಇರಲಿಲ್ಲ. ಅವರು ಇದನ್ನು ಫೋಟೊ ಖರ್ಚಿನಲ್ಲಿ ಹಿಡಿಯಲಿಲ್ಲ, ಬಂದವರಿಗೆ ಕೊಡುವ ಉಡುಗೊರೆಯ ಖರ್ಚಿನಲ್ಲಿ ಹಿಡಿದರು.

ಟೇಬಲ್ ಎಲೆ ಅಡಿಕೆ ಹತ್ತಿರ ಹಾಕಿದೆ. ಬೀದರ್ ಅಣ್ಣನವರು ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. ಒಬ್ಬ ಹಿರಿಯರು ತಮ್ಮ ಊರಿನ ಹನ್ನೊಂದು ಜನರನ್ನು ಕರೆತಂದು ನಿಲ್ಲಿಸಿದರು, ಹನ್ನೊಂದು ಕಾಪಿ ಕೇಳಿದರು. ಇಲ್ಲಿಂದ ತೊಂದರೆ ಶುರುವಾಯಿತು. ಮಕ್ಕಳು ಮತ್ತೆ ಮತ್ತೆ ಬಂದು ನಿಲ್ಲುತ್ತಾರೆ, ದೊಡ್ಡ ಗುಂಪಿಗೆ ತಲೆಗೊಂದು ಪ್ರಿಂಟ್. 200 ಪ್ರಿಂಟ್ ಎರಡನೇ ಪಂಕ್ತಿ ಏಳುವ ಹೊತ್ತಿಗೆ ಮುಗಿದವು. ಹುಡುಗನ ತಂದೆ ಇನ್ನೂ ಹಾಕು, ನೋಡಿಕೊಳ್ಳುತ್ತೇನೆ ಅಂದರು, 61 ಹೆಚ್ಚಾಯಿತು. ದುಡ್ಡು ಕೊಟ್ಟರು, ಆದರೆ ಅವರ ಮುಖ ನೋಡಿ ನನಗೇ ಸಂಕಟ ಆಯಿತು. ಇದಕ್ಕೆ ಏನು ಮಾಡುತ್ತೀರಿ?

ಇನ್ನೊಂದು ನಾನು ಕಲಿತದ್ದು. ಪ್ರಿಂಟಿನ ಖರ್ಚು ಅಂದರೆ ಕಾಗದ, ರಿಬ್ಬನ್ ಬರುವ ಪೆಟ್ಟಿಗೆಯ ಬೆಲೆಯನ್ನು ಅದರ ಎರಡು ರೋಲಿನ 1400 ಪ್ರಿಂಟಿಗೆ ಭಾಗಿಸಿದರೆ ಬರುವುದು ಅಂತ ತಿಳಿದಿದ್ದೆ. ಅದು ಸಣ್ಣ ಪಾಲು. ಕವರು, ಇಬ್ಬರು ಹುಡುಗರ ಪಗಾರ, ಗಾಡಿಯ ಡೀಸೆಲ್, ಹಾಳಾದ ಪ್ರಿಂಟ್, ಪ್ರಿಂಟರ್ ಕಂತು ಎಲ್ಲ ಸೇರಿಸಿದರೆ ಕಾಗದದ ಖರ್ಚಿನ ಮೂರು ಪಟ್ಟು ಮೀರುತ್ತದೆ. ಬೆಲೆ ಹೇಳುವ ಮೊದಲು ಇದನ್ನೆಲ್ಲ ಕೂಡಿಸಿ.

ಹಳೇ ಸ್ಟುಡಿಯೊ, ಬೀದರ್

ಮನೆಯವರ ಕಡೆಯಿಂದ ಒಬ್ಬರನ್ನು ಟೇಬಲ್ ಹತ್ತಿರ ಕೂರಿಸು. ಹುಡುಗನ ಕಾಕಾನೋ, ಅಣ್ಣನೋ. ಯಾರಿಗೆ ಎಷ್ಟು ಅಂತ ಹೇಳುವವರು ಅವರು, ನೀನಲ್ಲ. ನೀನು ಇಲ್ಲ ಅಂದರೆ ತಪ್ಪಾಗುತ್ತದೆ, ಅವರು ಇಲ್ಲ ಅಂದರೆ ಮನೆಯ ಮಾತು ಆಗುತ್ತದೆ. ದೊಡ್ಡ ಗುಂಪಿಗೆ ಎರಡು ಕಾಪಿ, ಉಳಿದವರಿಗೆ ಫೈಲ್. ಮತ್ತೆ 150 ಆದಾಗ ಆ ಕಾಕಾನಿಗೆ ಹೇಳು. 200 ಮುಗಿದ ಮೇಲೆ ಹೇಳಬೇಡ.

ಸೇಡಂ ಅಕ್ಕ

ಮಕ್ಕಳಿಗೆ ಒಂದು ಗುಂಪು ಫೋಟೊ ಮೊದಲೇ ತೆಗೆದುಕೊಟ್ಟುಬಿಡಿ, ಆಮೇಲೆ ಕಾಡುವುದಿಲ್ಲ. ವಯಸ್ಸಾದವರು ಸಾಲಿನಲ್ಲಿ ನಿಲ್ಲಲಾರರು, ಅವರಿಗೆ ಎರಡು ಕುರ್ಚಿ ಹಾಕಿ, ಅವರನ್ನು ಮೊದಲು ಕರೆಯಿರಿ.

ಕಲಬುರಗಿ ಫೋಟೊದವ

ಕುರ್ಚಿ ಹಾಕುತ್ತೇನೆ ಅಕ್ಕಾ. ಅಣ್ಣನವರ ಕಾಕಾನ ಉಪಾಯವೂ ಚೀಟಿಯಲ್ಲಿ ಬರೆದುಕೊಂಡೆ.

ಮುಂದಿನ ಸಲ ಶರಣಬಸವೇಶ್ವರ ಜಾತ್ರೆಗೆ ಟೇಬಲ್ ಹಾಕುವ ಆಸೆ ಇದೆ, ಅದು ತಾವಾಗಿ ಬಂದವರ ಜಾಗ. ಹೋಳಿ ಆಗಿ ಐದನೇ ದಿನ ರಥ, ಅಷ್ಟೊತ್ತಿಗೆ ಬಿಸಿಲು ಏರಿರುತ್ತದೆ. ರಿಪೇರಿ ಅಣ್ಣಾ, ಅದಕ್ಕೂ ಮೊದಲು ಈ ವಾರದ ಕುಬಸಕ್ಕೇ ನನ್ನ ಯುಪಿಎಸ್ ಸಾಲುತ್ತಿಲ್ಲ, ಭಾನುವಾರ ಎರಡು ಸಲ ಬಂದ್ ಆಯಿತು. ನಿಮ್ಮ ಹತ್ತಿರ ಬಾಡಿಗೆಗೆ ಸಿಗುತ್ತದಾ?

ಪ್ರಿಂಟರ್ ರಿಪೇರಿ, ಕಲಬುರಗಿ

1 ಕೆವಿಎ ಒಂದಿದೆ, ಬಾಡಿಗೆ ಬೇಡ, ಒಯ್ದು ವಾಪಸ್ ಕೊಡಿ. ಪ್ರಿಂಟರನ್ನೂ ತನ್ನಿ, ಹೆಡ್ ಒರೆಸಿಕೊಡುತ್ತೇನೆ. ಗುರುವಾರ ಸಂಜೆ 6ರ ಮೇಲೆ ಇರುತ್ತೇನೆ, ಸೂಪರ್ ಮಾರ್ಕೆಟ್ ಕಡೆ ಬಂದು ಫೋನ್ ಮಾಡಿ.

ಕಲಬುರಗಿ ಫೋಟೊದವ

ಬರುತ್ತೇನೆ ಅಣ್ಣಾ. ರಿಬ್ಬನ್ನು, ಕಾಗದ ಬಿಚ್ಚಿ ಬೇರೆ ಚೀಲದಲ್ಲಿ ಹಾಕಿಕೊಂಡೇ ಬರುತ್ತೇನೆ.